ಮನೆಗೊಂದೋ ಎರಡೋ ಮಕ್ಕಳು, ಆದರೂ ಜನ ಏಕೆ ಹೆಚ್ಚುತ್ತಿದ್ದಾರೆ?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಜನಸಂಖ್ಯೆಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಒಟ್ಟು ಎಷ್ಟು ಜನ’ ಎಂಬ ಒಂದೇ ಸಂಖ್ಯೆಯ ಸುತ್ತ ಸುತ್ತಿವೆ. ಯಾವ ವಯಸ್ಸಿನವರು ಎಷ್ಟಿದ್ದಾರೆ, ಎಲ್ಲಿದ್ದಾರೆ ಎಂದು ಬಿಡಿಸಿ ನೋಡದ ಹೊರತು ಆ ಸಂಖ್ಯೆಯಿಂದ ಶಾಲೆಯ ಕೊಠಡಿಯನ್ನೂ ನಿರ್ಧರಿಸಲಾಗದು, ನೀರಿನ ಟ್ಯಾಂಕನ್ನೂ ನಿರ್ಧರಿಸಲಾಗದು. ಈ ಸಲದ ಉತ್ತರಗಳೆಲ್ಲ ಆ ದಾರಿಯಲ್ಲೇ ಸಾಗುತ್ತವೆ.

ಪ್ರಶ್ನೆ: ನಮ್ಮ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳೇ ಇಲ್ಲ. ಎಲ್ಲರ ಮನೆಯಲ್ಲೂ ಒಂದೋ ಎರಡೋ ಮಕ್ಕಳು. ಆದರೂ ಜನಸಂಖ್ಯೆ ಏರುತ್ತಿದೆ ಎನ್ನುತ್ತಾರೆ. ಎರಡರಲ್ಲಿ ಒಂದು ಸುಳ್ಳಿರಬೇಕಲ್ಲವೇ? – ಶಾಲಾ ಶಿಕ್ಷಕರು, ದಾವಣಗೆರೆ ಜಿಲ್ಲೆ

ಎರಡೂ ನಿಜ. ಶಾಲೆ ಬರಿದಾಗಲು ಖಾಸಗಿ ಶಾಲೆಗಳಿಗೆ ಹೋಗುವವರೂ ಕಾರಣ, ಅದು ಬೇರೆ ಮಾತು. ಆದರೆ ಮಕ್ಕಳ ಸಂಖ್ಯೆಯೇ ಏರುವುದನ್ನು ನಿಲ್ಲಿಸಿದೆ ಎಂಬುದಕ್ಕೆ ಜನಗಣತಿಯಲ್ಲೇ ಪುರಾವೆ ಇದೆ. 2001ರಲ್ಲಿ ಕರ್ನಾಟಕದಲ್ಲಿ 0–6 ವಯಸ್ಸಿನ ಮಕ್ಕಳು 71.82 ಲಕ್ಷ ಇದ್ದರು. 2011ರಲ್ಲಿ ಅದು 71.61 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ರಾಜ್ಯದ ಒಟ್ಟು ಜನಸಂಖ್ಯೆ 5.28 ಕೋಟಿಯಿಂದ 6.11 ಕೋಟಿಗೆ ಏರಿತು. ಒಟ್ಟು 82 ಲಕ್ಷ ಜನ ಹೆಚ್ಚಾದರು, ಪುಟ್ಟ ಮಕ್ಕಳಲ್ಲಿ ಒಬ್ಬರೂ ಹೆಚ್ಚಾಗಲಿಲ್ಲ.

ಇದು ಹೇಗೆ ಎಂಬುದನ್ನು ಸಾವಿರ ಜನರ ಒಂದು ಹಳ್ಳಿಯನ್ನು ಊಹಿಸಿಕೊಂಡು ಲೆಕ್ಕ ಹಾಕಿ. 20 ವರ್ಷದೊಳಗಿನವರು 400, 20ರಿಂದ 39ರವರು 300, 40ರಿಂದ 59ರವರು 190, 60ರಿಂದ 79ರವರು 110. ಲೆಕ್ಕ ಸುಲಭವಾಗಲೆಂದು ಎಲ್ಲರೂ 80ರವರೆಗೆ ಬದುಕುತ್ತಾರೆ, ಊರು ಬಿಟ್ಟು ಯಾರೂ ಹೋಗುವುದಿಲ್ಲ ಎಂದಿಟ್ಟುಕೊಳ್ಳಿ. ಇಂದಿನಿಂದ ಪ್ರತಿ ದಂಪತಿಗೆ ಸರಿಯಾಗಿ ಎರಡೇ ಮಕ್ಕಳು. ಇಪ್ಪತ್ತು ವರ್ಷ ಕಳೆದ ಮೇಲೆ ಇಂದಿನ 400 ಮಕ್ಕಳು ತಾಯ್ತಂದೆಯರಾಗಿರುತ್ತಾರೆ, ಅವರಿಗೆ 400 ಮಕ್ಕಳು. ಇಂದಿನ 300 ಯುವಕರು ನಡುವಯಸ್ಸಿಗೆ, 190 ಮಂದಿ ಮುಪ್ಪಿಗೆ ಸರಿದಿರುತ್ತಾರೆ. ಕೂಡಿದರೆ 1,290. ನಲವತ್ತು ವರ್ಷಕ್ಕೆ 1,500. ಅರವತ್ತು ವರ್ಷಕ್ಕೆ 1,600, ಅಲ್ಲಿಗೆ ನಿಲ್ಲುತ್ತದೆ.

ಈ ಲೆಕ್ಕದಲ್ಲಿ ಯಾರು ಹೆಚ್ಚಾದರು ನೋಡಿ. ಮಕ್ಕಳು ಮೊದಲೂ 400, ಕೊನೆಗೂ 400. ಅರವತ್ತು ದಾಟಿದವರು ಮಾತ್ರ 110ರಿಂದ 190, 300, 400 ಆದರು. ಶಾಲೆಗೆ ಹೊಸ ಕೊಠಡಿ ಬೇಡ, ಆಸ್ಪತ್ರೆಗೆ ಮಾತ್ರ ಮೂರೂವರೆ ಪಟ್ಟಿಗೂ ಹೆಚ್ಚು ಹಾಸಿಗೆ ಬೇಕು. ಹಿಂದೆ ಹುಟ್ಟಿದವರ ದೊಡ್ಡ ತಲೆಮಾರು ವಯಸ್ಸಿನ ಮೆಟ್ಟಿಲು ಹತ್ತುತ್ತಾ ಹೋಗುವುದರಿಂದ ಬರುವ ಈ ಏರಿಕೆಗೆ ಜನಸಂಖ್ಯಾ ಆವೇಗ ಎನ್ನುತ್ತಾರೆ. ಬ್ರೇಕ್ ಒತ್ತಿದ ಮೇಲೂ ಬಸ್ಸು ಸ್ವಲ್ಪ ದೂರ ಉರುಳುವುದಿಲ್ಲವೇ, ಹಾಗೆ. ವಿಶ್ವಸಂಸ್ಥೆಯ 2024ರ ಅಂದಾಜಿನ ಪ್ರಕಾರ ಭಾರತದ ಬಸ್ಸು 2060ರ ದಶಕದ ಆರಂಭದವರೆಗೆ ಉರುಳಿ, ಸುಮಾರು 170 ಕೋಟಿಗೆ ಹೋಗಿ ನಿಲ್ಲುತ್ತದೆ. ಆಮೇಲೆ ಇಳಿಮುಖ.

ಇನ್ನೊಂದು ಅಂಶವನ್ನು ಬಹಳ ಜನ ಗಮನಿಸುವುದಿಲ್ಲ: ಎಷ್ಟು ಮಕ್ಕಳು ಎಂಬಷ್ಟೇ ಮುಖ್ಯ, ಯಾವ ವಯಸ್ಸಿನಲ್ಲಿ ಎಂಬುದು. ಸರಾಸರಿ 20ಕ್ಕೆ ಹೆರಿಗೆಯಾದರೆ ಎಂಬತ್ತು ವರ್ಷದ ಬದುಕಿನಲ್ಲಿ ನಾಲ್ಕು ತಲೆಮಾರು ಒಟ್ಟಿಗೆ ಇರುತ್ತವೆ. 27ಕ್ಕೆ ಆದರೆ ಮೂರು. ಮಕ್ಕಳು ಎರಡೇ ಆದರೂ ಊರಿನ ಜನಸಂಖ್ಯೆ ನಾಲ್ಕಕ್ಕೆ ಮೂರರಂತೆ ಕಡಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ 20–24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು! ಆ ಹುಡುಗಿಯರ ಓದು, ಆರೋಗ್ಯ ಕೆಡುವುದು ಮೊದಲ ನೋವು. ಆವೇಗ ಹೆಚ್ಚುವುದು ಅದರ ಹಿಂದೆ ಬರುವ ಪರಿಣಾಮ.

ಪ್ರಶ್ನೆ: ‘2.1 ಮಕ್ಕಳು’ ಎಂದರೇನು? ಎರಡು ಸಾಲದೇ? ಆ 0.1 ಎಲ್ಲಿಂದ ಬಂತು? – ಪದವಿ ವಿದ್ಯಾರ್ಥಿನಿ, ಧಾರವಾಡ

ಒಂದು ತಲೆಮಾರಿನ ತಾಯಂದಿರ ಜಾಗಕ್ಕೆ ಅಷ್ಟೇ ಸಂಖ್ಯೆಯ ಮುಂದಿನ ತಾಯಂದಿರು ಬರಲು ಬೇಕಾದ ಪ್ರಮಾಣ ಅದು. ಪ್ರಕೃತಿಯಲ್ಲಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಸಾವಿರ ತಾಯಂದಿರಿಗೆ ತಲಾ 2.1ರಂತೆ 2,100 ಮಕ್ಕಳಾದರೆ ಅದರಲ್ಲಿ ಹೆಣ್ಣು 1,024. ತಾಯಿಯಾಗುವ ವಯಸ್ಸಿಗೆ ಮುನ್ನ ಇಪ್ಪತ್ತು–ಇಪ್ಪತ್ತೈದು ಮಂದಿ ತೀರಿಕೊಂಡರೂ ಸಾವಿರ ಉಳಿಯುತ್ತಾರೆ.

ಶಿಶುಮರಣ ಹೆಚ್ಚಿರುವ ಕಡೆ 2.1 ಸಾಲದು. ಲಿಂಗಪತ್ತೆ, ಭ್ರೂಣಹತ್ಯೆ ನಡೆಯುವ ಕಡೆಯೂ ಸಾಲದು. 100 ಹೆಣ್ಣಿಗೆ 110 ಗಂಡು ಹುಟ್ಟುವ ಊರಿನಲ್ಲಿ ಅದೇ 2,100 ಮಕ್ಕಳಲ್ಲಿ ಹೆಣ್ಣು ಹುಟ್ಟುವಾಗಲೇ ಬರೀ 1,000. 1994ರ ಕಾಯ್ದೆ ಲಿಂಗಪತ್ತೆಯನ್ನು ಅಪರಾಧ ಎಂದಿದ್ದರೂ ಅದು ಕದ್ದುಮುಚ್ಚಿ ನಡೆಯುವ ಕಡೆ ಈ ಲೆಕ್ಕ ತಪ್ಪುತ್ತಲೇ ಇರುತ್ತದೆ.

ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹೆಣ್ಣಿಗೆ ತಲಾ ಇಷ್ಟು ಮಕ್ಕಳು ಎಂಬ ಈ ಪ್ರಮಾಣ ಭಾರತದಲ್ಲಿ 2.0, ಕರ್ನಾಟಕದ್ದು 1.7, ಬಿಹಾರದ್ದು 3.0, ಸಿಕ್ಕಿಂನದು 1.1. ಒಂದೇ ದೇಶದೊಳಗೆ ಇಷ್ಟು ಅಂತರವಿದೆ, ಆದ್ದರಿಂದ ‘ಭಾರತದ ಜನಸಂಖ್ಯಾ ಸಮಸ್ಯೆ’ ಎಂದು ಏಕವಚನದಲ್ಲಿ ಮಾತಾಡುವುದೇ ತಪ್ಪು.

ಪ್ರಶ್ನೆ: 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ ಇಳಿದಿದೆ. ಎಣಿಕೆ ತಪ್ಪಿರಬಹುದೇ? – ಕಾಫಿ ಬೆಳೆಗಾರರು, ಚಿಕ್ಕಮಗಳೂರು ಜಿಲ್ಲೆ

2001ರಲ್ಲಿ 11,40,905 ಇದ್ದದ್ದು 2011ರಲ್ಲಿ 11,37,961 ಆಯಿತು. 2,944 ಜನ ಕಡಿಮೆ. ಕೊಡಗಿನಲ್ಲೂ ಏರಿಕೆ ಹತ್ತು ವರ್ಷಕ್ಕೆ ಶೇ 1.1ರಷ್ಟೇ. ಇದನ್ನು ಎಣಿಕೆಯ ತಪ್ಪು ಎನ್ನುವ ಮೊದಲು ವಲಸೆಯನ್ನು ನೋಡಬೇಕು.

ಯಾವುದೇ ಜಿಲ್ಲೆಯ ಲೆಕ್ಕ ಹೀಗೆ: ಹಳೆಯ ಸಂಖ್ಯೆಗೆ ಹುಟ್ಟಿದವರನ್ನು ಕೂಡಿ, ಸತ್ತವರನ್ನು ಕಳೆಯಿರಿ. ಬಂದ ಉತ್ತರಕ್ಕೂ ಹೊಸ ಗಣತಿಗೂ ಇರುವ ವ್ಯತ್ಯಾಸವೇ ವಲಸೆ. ಉದಾಹರಣೆಗೆ ಸಾವಿರಕ್ಕೆ ವರ್ಷಕ್ಕೆ 8ರಂತೆ ಜನನ ಮರಣಕ್ಕಿಂತ ಹೆಚ್ಚಿದ್ದರೆ ಇಷ್ಟು ದೊಡ್ಡ ಜಿಲ್ಲೆ ಹತ್ತು ವರ್ಷಕ್ಕೆ ಸುಮಾರು 91,000 ಬೆಳೆಯಬೇಕು. ಬೆಳೆಯದೆ ಮೂರು ಸಾವಿರ ಇಳಿದಿದ್ದರೆ 94,000 ಜನ, ಬಂದವರನ್ನು ಕಳೆದು, ಹೊರಹೋಗಿದ್ದಾರೆ ಎಂದರ್ಥ.

ಈ ಲೆಕ್ಕ ಹಾಕುವವರು ಎಡವುವುದು ಒಂದೇ ಜಾಗದಲ್ಲಿ. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಸ್ಥಳದಲ್ಲಿ, ತಾಯಿಯ ಊರಿನಲ್ಲಿ ಅಲ್ಲ. ಮೂಡಿಗೆರೆಯ ತಾಯಿ ಹಾಸನದಲ್ಲೋ ಮಂಗಳೂರಿನಲ್ಲೋ ಹೆತ್ತರೆ ಆ ಮಗು ಅಲ್ಲಿನ ಪುಸ್ತಕಕ್ಕೆ ಸೇರುತ್ತದೆ. ದೊಡ್ಡ ಆಸ್ಪತ್ರೆಗಳಿಲ್ಲದ ತಾಲ್ಲೂಕುಗಳ ಜನನ ಪ್ರಮಾಣ ಇದರಿಂದ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ನೋಂದಣಿ ನಮೂನೆಯಲ್ಲಿ ತಾಯಿಯ ಖಾಯಂ ವಾಸದ ಅಂಕಣವೂ ಇರುತ್ತದೆ. ಅದರ ಪ್ರಕಾರ ಮತ್ತೆ ವಿಂಗಡಿಸಿಯೇ ಲೆಕ್ಕ ಹಾಕಬೇಕು.

ಹೋದವರು ಎಲ್ಲಿ ಹೋದರು? ಎಲ್ಲರೂ ಒಂದೇ ಕಡೆ ಅಲ್ಲ, ಆದರೆ ದಿಕ್ಕು ಸ್ಪಷ್ಟ. ಅದೇ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆ 65.37 ಲಕ್ಷದಿಂದ 96.21 ಲಕ್ಷಕ್ಕೆ ಏರಿತು. ಇಡೀ ರಾಜ್ಯದಲ್ಲಿ ಹೆಚ್ಚಿದ ಜನರಲ್ಲಿ ಶೇ 37ರಷ್ಟು ಭಾಗ ಆ ಒಂದೇ ಜಿಲ್ಲೆಗೆ ಸೇರಿತು. ಮಲೆನಾಡಿನ ಮನೆಗಳಲ್ಲಿ ವಯಸ್ಸಾದವರಿಬ್ಬರೇ ಉಳಿದಿರುವುದಕ್ಕೂ ಬೆಂಗಳೂರಿನ ಬಡಾವಣೆಗಳಲ್ಲಿ ನೀರಿನ ಟ್ಯಾಂಕರ್ ಸಾಲುಗಟ್ಟುವುದಕ್ಕೂ ಕಾರಣ ಒಂದೇ.

ಪ್ರಶ್ನೆ: ನಮ್ಮ ನಾಡಿನ ಜನಸಂಖ್ಯೆ ಹಿಂದೆ ಯಾವಾಗಲಾದರೂ ಇಳಿದಿತ್ತೇ? – ನಿವೃತ್ತ ನೌಕರರು, ತುಮಕೂರು

ಭಾರಿ ಪ್ರಮಾಣದಲ್ಲಿ ಇಳಿದಿತ್ತು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಗೆ 50,55,412 ಜನ. 1881ರಲ್ಲಿ 41,86,188. ಆರರಲ್ಲಿ ಒಬ್ಬರು ಇಲ್ಲ. ನಡುವೆ ಬಂದದ್ದು 1876–78ರ ಮಹಾ ಕ್ಷಾಮ, ಧಾತು ಮತ್ತು ಈಶ್ವರ ಸಂವತ್ಸರಗಳ ಬರ. ಸತ್ತವರ ಜೊತೆಗೆ ಹುಟ್ಟದವರನ್ನೂ ಈ ಇಳಿಕೆಯಲ್ಲಿ ಎಣಿಸಬೇಕು. ಹಸಿವಿನಲ್ಲಿ ಗರ್ಭ ನಿಲ್ಲುವುದಿಲ್ಲ, ಗಂಡಸರು ಕೂಲಿಗೆ ಊರು ಬಿಡುತ್ತಾರೆ, ಮದುವೆಗಳು ಮುಂದಕ್ಕೆ ಹೋಗುತ್ತವೆ. ಬರದ ವರ್ಷಗಳಲ್ಲಿ ಹುಟ್ಟಿದ ಸಣ್ಣ ತಲೆಮಾರು ಇಪ್ಪತ್ತರ ವಯಸ್ಸಿಗೆ ಬಂದಾಗ ಅದಕ್ಕೆ ಹುಟ್ಟುವ ಮಕ್ಕಳೂ ಕಡಿಮೆಯೇ. ಹೊಂಡವೊಂದು ಇಪ್ಪತ್ತು–ಇಪ್ಪತ್ತೈದು ವರ್ಷಕ್ಕೊಮ್ಮೆ ಆಳ ಕಳೆದುಕೊಳ್ಳುತ್ತಾ ಮರಳಿ ಕಾಣಿಸಿಕೊಂಡಂತೆ ಇದು. ಹಾಗಿದ್ದೂ 1891ಕ್ಕೆ ಸಂಸ್ಥಾನದ ಜನಸಂಖ್ಯೆ 49,43,604ಕ್ಕೆ ಚೇತರಿಸಿಕೊಂಡಿತು. ಬದುಕುಳಿದವರಲ್ಲಿ ಹೆರುವ ವಯಸ್ಸಿನವರ ಪಾಲು ಹೆಚ್ಚಿದ್ದದ್ದು ಇದಕ್ಕೆ ಒಂದು ಕಾರಣ. ಕ್ಷಾಮ ಮೊದಲು ಬಲಿ ತೆಗೆದುಕೊಳ್ಳುವುದು ಹಸುಳೆಗಳನ್ನು ಮತ್ತು ಮುದುಕರನ್ನು.

ಎರಡನೆಯ ಇಳಿಕೆ 1911–21ರದು. 1918ರ ಇನ್‌ಫ್ಲುಯೆಂಜಾದಿಂದ ಇಡೀ ಭಾರತದ ಜನಸಂಖ್ಯೆ 25.21 ಕೋಟಿಯಿಂದ 25.13 ಕೋಟಿಗೆ ಇಳಿಯಿತು. ಇಂದಿನ ಕರ್ನಾಟಕದ ಗಡಿಯೊಳಗೆ ಲೆಕ್ಕ ಹಾಕಿದರೂ ಇಳಿಕೆ ಶೇ 1ರಷ್ಟು. ಆ ಬಳಿಕ ದೇಶದ ಯಾವ ಗಣತಿಯಲ್ಲೂ ಇಳಿಕೆ ಕಂಡಿಲ್ಲ, ಅದಕ್ಕೇ 1921ನ್ನು ‘ಮಹಾ ವಿಭಜಕ ವರ್ಷ’ ಎನ್ನುವುದು.

ಪ್ರಶ್ನೆ: ಕಾವೇರಿ ಐದನೇ ಹಂತವೂ ಬಂತು. ಬೆಂಗಳೂರಿಗೆ ಇನ್ನೆಷ್ಟು ನೀರು ಬೇಕು? ಒಬ್ಬ ಮನುಷ್ಯ ಹೆಚ್ಚಾದರೆ ನಿಜಕ್ಕೂ ಎಷ್ಟು ಭಾರ? – ಗೃಹಿಣಿ, ಬೆಂಗಳೂರು

ನಗರದ ನೀರು ಪೂರೈಕೆಗೆ ಬಳಸುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. ಒಂದು ಲಕ್ಷ ಜನ ಹೆಚ್ಚಾದರೆ ದಿನಕ್ಕೆ 1.35 ಕೋಟಿ ಲೀಟರ್ ಎಂದು ಕಾಗದದಲ್ಲಿ ಬರೆಯುತ್ತಾರೆ. ಕೊಳವೆಯಲ್ಲಿ ಕಾಲುಭಾಗ ಸೋರಿದರೆ ಹೊಳೆಯಿಂದ ಎತ್ತಬೇಕಾದದ್ದು 1.8 ಕೋಟಿ ಲೀಟರ್. ಬಳಸಿದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ. ಅಂದರೆ ಇನ್ನೊಂದು ಕಡೆ 1.08 ಕೋಟಿ ಲೀಟರ್ ಸಂಸ್ಕರಿಸುವ ಘಟಕವೂ ಅದೇ ದಿನದಿಂದ ಬೇಕು. ನಮ್ಮಲ್ಲಿ ಮೊದಲನೆಯದಕ್ಕೆ ಸಿಗುವ ಗಮನ ಎರಡನೆಯದಕ್ಕೆ ಸಿಗುವುದಿಲ್ಲ. ಬೆಳ್ಳಂದೂರು ಕೆರೆಯ ನೊರೆ ಅಲ್ಲಿಂದಲೇ ಬಂದದ್ದು.

ಇನ್ನು ವಿದ್ಯುತ್ತು. ಕಾವೇರಿ ನೀರನ್ನು ಪಂಪ್ ಮಾಡುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ನೀರು ಹಂತಹಂತವಾಗಿ ಸುಮಾರು 500 ಮೀಟರ್ ಮೇಲೇರಬೇಕು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಭೌತವಿಜ್ಞಾನದ ಲೆಕ್ಕದಲ್ಲಿ 1.36 ಯೂನಿಟ್ ಬೇಕು. ಪಂಪಿನ ದಕ್ಷತೆ ಶೇ 75 ಎಂದರೆ 1.8 ಯೂನಿಟ್. ನಾಲ್ಕು ಜನರ ಮನೆಗೆ ದಿನಕ್ಕೆ 540 ಲೀಟರ್ ಬಂದರೆ ನಿಮ್ಮ ಮೀಟರಿನಲ್ಲಿ ಕಾಣದ ಒಂದು ಯೂನಿಟ್ ಪ್ರತಿದಿನ ಖರ್ಚಾಗಿರುತ್ತದೆ. ನೂರು ಕಿಲೋಮೀಟರ್ ಕೊಳವೆಯ ಘರ್ಷಣೆ ಇದಕ್ಕೆ ಸೇರಿಲ್ಲ.

2024ರ ಅಕ್ಟೋಬರಿನಲ್ಲಿ ಚಾಲನೆ ಪಡೆದ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಸೋರಿಕೆ ಇಲ್ಲದಿದ್ದರೆ 57 ಲಕ್ಷ ಜನಕ್ಕೆ ಸಾಕು. ಕಾಲುಭಾಗ ಸೋರಿದರೆ 43 ಲಕ್ಷಕ್ಕೆ. ಹದಿನಾಲ್ಕು ಲಕ್ಷ ಜನರ ನೀರು ಕೊಳವೆಯ ಕೀಲುಗಳಲ್ಲೇ ಹೋಗುತ್ತದೆ, ಅದಕ್ಕೆ ಜನಸಂಖ್ಯೆಯನ್ನು ದೂರಿ ಫಲವಿಲ್ಲ. ಊರು ಬೆಳೆದಂತೆ ನೀರಿನ ಮೂಲ ದೂರ ಸರಿಯುತ್ತಾ ಹೋದದ್ದನ್ನೂ ಗಮನಿಸಿ: 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಮೊದಲೆರಡಕ್ಕೂ ನೀರು ತರುತ್ತಿದ್ದ ಅರ್ಕಾವತಿಯ ಜಲಾನಯನವನ್ನು ನೀಲಗಿರಿ ತೋಪುಗಳೂ ಕೊಳವೆಬಾವಿಗಳೂ ಒಣಗಿಸಿದವು.

ಮನೆಯ ಮಟ್ಟದ ಲೆಕ್ಕವೂ ಇರಲಿ. 30×40 ನಿವೇಶನದ ಮನೆಗೆ 75 ಚದರ ಮೀಟರ್ ತಾರಸಿ ಇದ್ದು, ವರ್ಷಕ್ಕೆ 970 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಶೇ 85 ಹಿಡಿದರೆ 62,000 ಲೀಟರ್ ಸಿಗುತ್ತದೆ. ನಾಲ್ಕು ಜನರ ವರ್ಷದ ಬಳಕೆ 1,97,000 ಲೀಟರ್. ಹೆಚ್ಚುಕಡಿಮೆ ಮೂರನೇ ಒಂದು ಭಾಗ ತಾರಸಿಯಲ್ಲೇ ಇದೆ. ಆದರೆ ಅದೇ ಜಾಗದಲ್ಲಿ ನಾಲ್ಕು ಮಹಡಿ ಎದ್ದು ಹದಿನಾರು ಜನ ಸೇರಿದರೆ, ತಾರಸಿ ಅಷ್ಟೇ ಇದ್ದು ಪಾಲು ಶೇ 8ಕ್ಕೆ ಇಳಿಯುತ್ತದೆ. ಮಳೆಕೊಯ್ಲಿನಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಈ ಭಾಗಾಕಾರವನ್ನು ಮಾಡಿರುವುದಿಲ್ಲ.

ಪ್ರಶ್ನೆ: ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಚೂರುಚೂರಾಗುತ್ತಿದೆ. ಮಕ್ಕಳು ಕಡಿಮೆಯಾದ ಮೇಲೆ ಇದು ನಿಲ್ಲಬೇಕಲ್ಲವೇ? – ರೈತರು, ಹಾವೇರಿ ಜಿಲ್ಲೆ

ನಿಲ್ಲುತ್ತದೆ, ಆದರೆ ಒಂದು ತಲೆಮಾರು ತಡವಾಗಿ. ಇಂದು ಪಾಲಾಗುತ್ತಿರುವುದು ನಾಲ್ಕೈದು ಮಕ್ಕಳಿದ್ದ ಕಾಲದ ಅಪ್ಪಂದಿರ ಜಮೀನು. ಭಾರತದ ಸರಾಸರಿ ಹಿಡುವಳಿ 1970–71ರಲ್ಲಿ 2.28 ಹೆಕ್ಟೇರ್ ಇದ್ದದ್ದು 2015–16ಕ್ಕೆ 1.08 ಆಯಿತು. ಕರ್ನಾಟಕದಲ್ಲಿ ಅದೇ ವರ್ಷ 1.36 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಮೂರು ಎಕರೆ ಹದಿನಾಲ್ಕು ಗುಂಟೆ.

ನಷ್ಟ ಪಾಲಿನಲ್ಲಷ್ಟೇ ಇಲ್ಲ, ಬದುವಿನಲ್ಲೂ ಇದೆ. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 209 ಅಡಿ. ಉದ್ದುದ್ದ ನಾಲ್ಕು ಪಟ್ಟಿ ಮಾಡಿ ನಡುವೆ ಮೂರಡಿ ಅಗಲದ ಮೂರು ಬದು ಹಾಕಿದರೆ ಒಂದೂಮುಕ್ಕಾಲು ಗುಂಟೆ ಬದುವಿಗೇ ಹೋಯಿತು. ಬಂಡಿದಾರಿ ಬೇರೆ. ಐವತ್ತು ಅಡಿ ಅಗಲದ ಪಟ್ಟಿಯಲ್ಲಿ ಟ್ರ್ಯಾಕ್ಟರನ್ನು ಅಡ್ಡಕ್ಕೆ ತಿರುಗಿಸಲಾಗದೆ ಇಳಿಜಾರಿನ ಉದ್ದಕ್ಕೇ ಉತ್ತರೆ ಮೇಲ್ಮಣ್ಣು ಮಳೆಯಲ್ಲಿ ಕೊಚ್ಚಿಹೋಗುತ್ತದೆ. ಪ್ರತಿ ಪಾಲುದಾರನೂ ತನ್ನದೇ ಕೊಳವೆಬಾವಿ ಕೊರೆಸಿದರೆ ಒಂದರ ನೀರನ್ನು ಇನ್ನೊಂದು ಎಳೆಯುತ್ತದೆ, ಕೊನೆಗೆ ಎಲ್ಲವೂ ಆಳಕ್ಕೆ ಇಳಿಯುತ್ತವೆ. ಕಾಗದದಲ್ಲಿ ಪಾಲಾದರೂ ಬಾವಿ, ದಾರಿ, ಉಳುಮೆ ಒಟ್ಟಿಗಿರಲಿ ಎಂದು ಪಾಲುಪಟ್ಟಿಯಲ್ಲೇ ಬರೆಸಿ ನೋಂದಾಯಿಸಿ. ಮಾತಿನ ಒಪ್ಪಂದ ಮುಂದಿನ ತಲೆಮಾರಿಗೆ ಉಳಿಯುವುದಿಲ್ಲ.

ಪ್ರಶ್ನೆ: ಮೈಸೂರು ಸಂಸ್ಥಾನದಲ್ಲಿ ಕುಟುಂಬ ಯೋಜನೆ ಬಹಳ ಹಿಂದೆಯೇ ಇತ್ತಂತೆ, ನಿಜವೇ? ಈಗ ಹೆಂಗಸರಿಗೆ ಮಾತ್ರ ಆಪರೇಷನ್ ಏಕೆ? – ಆಶಾ ಕಾರ್ಯಕರ್ತೆ, ರಾಮನಗರ ಜಿಲ್ಲೆ

ನಿಜ. ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಮೈಸೂರು ಸಂಸ್ಥಾನ ಮುಂದಾದದ್ದು 1930ರಲ್ಲಿ. ಭಾರತ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 1952ರಲ್ಲಿ. ನಿಮ್ಮ ರಾಮನಗರದಲ್ಲೇ 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಿರುವ ‘ಸುರಕ್ಷಿತ ದಿನ’ಗಳ ವಿಧಾನದ ಪ್ರಯೋಗ ನಡೆದಿತ್ತು. ದಿನಗಳನ್ನು ಲೆಕ್ಕವಿಡಲು ಬಣ್ಣದ ಮಣಿಗಳ ಸರ ಕೊಡುವ ಉಪಾಯವನ್ನು ಆಗ ಹೂಡಿದರು. ಆ ವಿಧಾನದ ದೌರ್ಬಲ್ಯ ಮಣಿಯಲ್ಲಿರಲಿಲ್ಲ. ಮುಟ್ಟಿನ ಚಕ್ರ ಎಲ್ಲರಿಗೂ ಒಂದೇ ಉದ್ದ ಇರುವುದಿಲ್ಲ, ಎದೆಹಾಲು ಕುಡಿಸುವ ತಾಯಿಗೆ ತಿಂಗಳುಗಟ್ಟಲೆ ಮುಟ್ಟೇ ಬರದಿರಬಹುದು, ‘ಇಂದು ಬೇಡ’ ಎನ್ನುವ ಅಧಿಕಾರ ಅವಳಿಗೆ ಇರಲೇಬೇಕು. ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಡುತ್ತದೆ.

ಗಂಡಸರು ಹಿಂದೆ ಸರಿದದ್ದಕ್ಕೆ ತುರ್ತುಪರಿಸ್ಥಿತಿಯ ಬಲವಂತ ದೊಡ್ಡ ಕಾರಣ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ನಡೆದವು, ಮುಕ್ಕಾಲು ಪಾಲು ಗಂಡಸರಿಗೆ. ಆ ಭಯದ ಬಳಿಕ ಇಡೀ ಕಾರ್ಯಕ್ರಮ ಹೆಂಗಸರ ಮೇಲೆ ಬಿತ್ತು. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 37.9 ವಿವಾಹಿತ ಮಹಿಳೆಯರಿಗೆ ಆಪರೇಷನ್ ಆಗಿದೆ, ಪುರುಷರ ಪಾಲು ಶೇ 0.3. ಇದು ಅನ್ಯಾಯ, ಬೇರೆ ಮಾತಿಲ್ಲ. ಹೆಂಗಸರಿಗೆ ಹೊಟ್ಟೆ ತೆರೆಯಬೇಕು. ಗಂಡಸರ ನೋ-ಸ್ಕಾಲ್ಪೆಲ್ (ಕತ್ತಿ ಬಳಸದ) ವಿಧಾನಕ್ಕೆ ಹೊಲಿಗೆಯೇ ಬೇಡ, ಅಂದೇ ಮನೆಗೆ ಹೋಗಬಹುದು. ಆದರೆ ಒಂದು ಮಾತನ್ನು ಪ್ರತಿ ದಂಪತಿಗೂ ಹೇಳಿ: ಗಂಡಸಿನ ಆಪರೇಷನ್ ಅಂದೇ ಫಲಿಸುವುದಿಲ್ಲ. ನಾಳದಲ್ಲಿ ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಬಳಸಬೇಕು, ಬಳಿಕ ವೀರ್ಯ ಪರೀಕ್ಷೆ ಮಾಡಿಸಿ ವೀರ್ಯಾಣು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಈ ಮಾತು ಹೇಳದೆ ಬಿಟ್ಟ ಕಡೆ ಹೆಂಡತಿ ಬಸಿರಾಗಿ, ಅವಳ ಶೀಲದ ಮೇಲೆ ಅನುಮಾನ ಬಿದ್ದು ಸಂಸಾರ ಮುರಿಯುತ್ತದೆ.

ಪ್ರಶ್ನೆ: ಮಕ್ಕಳನ್ನು ಕಡಿಮೆ ಮಾಡಿದ್ದಕ್ಕೆ ದಕ್ಷಿಣದ ರಾಜ್ಯಗಳಿಗೆ ನಷ್ಟವಾಗಿದೆ, ಇನ್ನು ಹೆಚ್ಚು ಹೆರಬೇಕು ಎಂಬ ಮಾತು ಸರಿಯೇ? – ಓದುಗರು, ಮಂಗಳೂರು

ನಷ್ಟದ ಮಾತಿನಲ್ಲಿ ಹುರುಳಿದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ ಹದಿನೈದನೆಯದು 1971ರ ಜನಸಂಖ್ಯೆ ಬಿಟ್ಟು 2011ರದನ್ನು ಹಿಡಿಯಿತು. ಜನಸಂಖ್ಯೆ ತಗ್ಗಿಸಿದವರಿಗೆಂದು ಶೇ 12.5ರ ತೂಕ ಇಟ್ಟರೂ, ತಲಾ ಆದಾಯದ ಅಂತರವೂ ಸೇರಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಕುಸಿಯಿತು. ಅದಕ್ಕೆ ಪರಿಹಾರ ಹಂಚಿಕೆಯ ಸೂತ್ರದಲ್ಲಿ ಹುಡುಕಬೇಕು, ಹೆಂಗಸರ ಗರ್ಭದಲ್ಲಿ ಅಲ್ಲ. ಇಂದು ಹುಟ್ಟಿದ ಮಗು ದುಡಿಯಲು ಇಪ್ಪತ್ತೆರಡು ವರ್ಷ ಬೇಕು. ಅಲ್ಲಿಯವರೆಗೆ ಅದೂ ಅವಲಂಬಿತವೇ. ಮುದುಕರು ಹೆಚ್ಚುತ್ತಿರುವ ಹೊತ್ತಿನಲ್ಲೇ ಮಕ್ಕಳೂ ಹೆಚ್ಚಿದರೆ ದುಡಿಯುವವರ ಹೆಗಲ ಮೇಲೆ ಎರಡೂ ಕಡೆಯ ಭಾರ ಬೀಳುತ್ತದೆ.

ಪ್ರಶ್ನೆ: ನಮ್ಮ ಊರಿನ ಮುಂದಿನ ಹತ್ತು ವರ್ಷದ ಜನಸಂಖ್ಯೆ ಅಂದಾಜಿಸುವುದು ಹೇಗೆ? – ಗ್ರಾಮ ಪಂಚಾಯಿತಿ ಸದಸ್ಯರು, ಯಾದಗಿರಿ ಜಿಲ್ಲೆ

ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಹಳ್ಳಿವಾರು ಸಂಖ್ಯೆ ಇದೆ. 2001ರಲ್ಲಿ 2,400, 2011ರಲ್ಲಿ 2,640 ಇದ್ದರೆ ದಶಕದ ಏರಿಕೆ ಶೇ 10. ಅದನ್ನು ಹತ್ತರಿಂದ ಭಾಗಿಸಿ ‘ವರ್ಷಕ್ಕೆ ಶೇ 1’ ಎನ್ನಬೇಡಿ. ಚಕ್ರಬಡ್ಡಿಯಂತೆ ಬೆಳೆಯುವುದರಿಂದ ಸರಿಯಾದ ದರ 0.96. ಎಪ್ಪತ್ತನ್ನು ಈ ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ದ್ವಿಗುಣ ಎಂಬ ಅಂದಾಜು ಸಿಗುತ್ತದೆ, ಇಲ್ಲಿ 73.

ಆದರೆ ಆ ದರವನ್ನೇ ಮುಂದಕ್ಕೆ ಎಳೆದು ಶಾಲೆ ಕಟ್ಟಿದರೆ ಮೋಸ ಹೋಗುತ್ತೀರಿ. ಅಂಗನವಾಡಿ ದಾಖಲೆಯಿಂದ 0–6ರ ಮಕ್ಕಳನ್ನು ವರ್ಷವಾರು ಬರೆದುಕೊಳ್ಳಿ. ಈಗ ಒಂದು ವರ್ಷದವರು 31, ಐದು ವರ್ಷದವರು 44 ಇದ್ದರೆ, ಮುಂದಿನ ವರ್ಷ ಒಂದನೇ ತರಗತಿಗೆ ಬರುವವರಿಗಿಂತ ಐದು ವರ್ಷದ ಬಳಿಕ ಬರುವವರು ಹದಿಮೂರು ಮಂದಿ ಕಡಿಮೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಟ್ಟಿ ನೋಡಿ, ಬಿಟ್ಟುಹೋದವರನ್ನು ಮತದಾರರ ಪಟ್ಟಿಯ ವಯಸ್ಸಿನಿಂದ ಸೇರಿಸಿಕೊಳ್ಳಿ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಮನೆಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ: ಯಾವ ತಿಂಗಳು ಹೋಗುತ್ತಾರೆ, ಯಾವ ತಿಂಗಳು ಬರುತ್ತಾರೆ, ಮಕ್ಕಳನ್ನು ಕರೆದೊಯ್ಯುತ್ತಾರೋ ಅಜ್ಜಿಯ ಬಳಿ ಬಿಡುತ್ತಾರೋ. ಮುಂದಿನ ಜನಗಣತಿಯ ಎಣಿಕೆಗೆ ನಿಗದಿಯಾಗಿರುವ ಗಡುವು 2027ರ ಮಾರ್ಚ್ 1. ಮನೆಮನೆಯ ಎಣಿಕೆ ಅದಕ್ಕೆ ಮುಂಚಿನ ಫೆಬ್ರವರಿಯಲ್ಲಿ. ಫೆಬ್ರವರಿ ಎಂದರೆ ನಿಮ್ಮ ಕಡೆ ಗುಳೆ ಹೋದವರು ಇನ್ನೂ ಮರಳದ ಕಾಲ. ಬೀಗ ಹಾಕಿದ ಮನೆಗಳ ಪಟ್ಟಿ ನಿಮ್ಮ ಕೈಯಲ್ಲಿದ್ದರೆ ಎಣಿಕೆದಾರರು ಬಂದ ದಿನವೇ ಅದನ್ನು ತೋರಿಸಬಹುದು.